ರೇಣುಕಪ್ರಸಾದರು ಹಾಕಿದ ಹೊಸ ಸೆಲ್

ಸೋಮವಾರಪೇಟೆಯ ಬಸ್ ನಿಲ್ದಾಣದಿಂದ ಸಂತೆಯ ಕಡೆಗೆ ಇಳಿಯುವ ರಸ್ತೆಯಲ್ಲಿ, ಟೈಲರ್ ಅಂಗಡಿಯ ಮಹಡಿಯ ಮೇಲೆ, ರೇಣುಕಪ್ರಸಾದರ ಲ್ಯಾಪ್‌ಟಾಪ್ ರಿಪೇರಿ ಅಂಗಡಿ ಇದೆ. ಊರಿನವರು ಅವರನ್ನು ಈಗಲೂ ಟೈಪಿಂಗ್ ಮೇಷ್ಟ್ರು ಅಂತಲೇ ಕರೆಯುವುದು. ಇಪ್ಪತ್ತಾರು ವರ್ಷ ಅದೇ ಕೋಣೆಯಲ್ಲಿ ಹದಿನಾಲ್ಕು ಟೈಪ್‌ರೈಟರು ಇಟ್ಟುಕೊಂಡು ತಾಲ್ಲೂಕಿನ ಅರ್ಧದಷ್ಟು ಗುಮಾಸ್ತರನ್ನು ತಯಾರು ಮಾಡಿ ಕಳಿಸಿದವರು ಅವರು. ಒಂದೇ ಒಂದು ಅಕ್ಷರ ತಪ್ಪಿದರೂ ಬೈಯುತ್ತಿರಲಿಲ್ಲ. ಹಾಳೆಯನ್ನು ಎಳೆದು ಹರಿದು ಬುಟ್ಟಿಗೆ ಹಾಕಿ, ಇನ್ನೊಂದು ಹಾಳೆ ಕೈಗೆ ಕೊಡುತ್ತಿದ್ದರು. ಬೈದಿದ್ದರೇ ವಾಸಿಯಿತ್ತು ಅಂತ ಆ ಗುಮಾಸ್ತರೆಲ್ಲ ಇವತ್ತಿಗೂ ಹೇಳುತ್ತಾರೆ.

ಟೈಪ್‌ರೈಟರಿನ ಕಾಲ ಮುಗಿದು ಹದಿನಾಲ್ಕೂ ಗುಜರಿಗೆ ಹೋದ ಮೇಲೆ ಮೇಷ್ಟ್ರು ತಲೆಮೇಲೆ ಕೈಹೊತ್ತು ಕೂರಲಿಲ್ಲ. ಸ್ಕ್ರೂ ಡ್ರೈವರ್ ಹಿಡಿದರು, ರಾತ್ರಿ ಹಗಲು ಓದಿದರು, ನಾಲ್ಕಾರು ಯಂತ್ರ ಕೆಡಿಸಿ ಕಲಿತರು. ಅವರಿಗೆ ವಿಶೇಷವಾದ ಒಲವು ಕಂಪನಿಯೇ ಕೈಬಿಟ್ಟ ಲ್ಯಾಪ್‌ಟಾಪುಗಳ ಮೇಲೆ. ಹತ್ತು ವರ್ಷ ದಾಟಿದ ಯಂತ್ರಕ್ಕೆ ಹೊಸ ಸಿಸ್ಟಮ್ ಹಾಕಲು ಹೋದರೆ 'ಈ ಯಂತ್ರ ಅರ್ಹವಲ್ಲ' ಅಂತ ಪರದೆಯ ಮೇಲೆ ಬರುತ್ತದಲ್ಲ, ಅದನ್ನು ಕಂಡರೆ ಮೇಷ್ಟ್ರಿಗೆ ಮೈಯೆಲ್ಲ ಉರಿಯುತ್ತದೆ. "ಓಡೋ ಯಂತ್ರನ ಓಡಬಾರದು ಅನ್ನಕ್ಕೆ ಇವರ್ಯಾರು?" ಅನ್ನುತ್ತ, ಆ ತಪಾಸಣೆಯನ್ನು ತಪ್ಪಿಸಿ ಹಿಂಬಾಗಿಲಿನಿಂದ ಹೊಸ ಸಿಸ್ಟಮ್ ಹಾಕಿ ಓಡಿಸಿಬಿಡುತ್ತಾರೆ. ಕುಶಾಲನಗರದಿಂದಲೂ ಜನ ಇಂಥ ಯಂತ್ರಗಳನ್ನು ಚೀಲದಲ್ಲಿ ಹಾಕಿಕೊಂಡು ಅವರ ಮೆಟ್ಟಿಲು ಹತ್ತುತ್ತಾರೆ.

ಚಿನ್ನಿ ಮೇಷ್ಟ್ರ ಕೊನೆಯ ಶಿಷ್ಯೆ. ಪೇಟೆಯಿಂದ ಒಂಬತ್ತು ಕಿಲೋಮೀಟರ್ ದೂರದ ಎಸ್ಟೇಟಿನ ಕೂಲಿಯವರ ಲೈನ್ ಮನೆಯಲ್ಲಿ ಚಿಕ್ಕಿ ಅನ್ನುವ ಹೆಸರಿನ ತಾಯಿಯ ಜೊತೆ ಇರುವವಳು. ಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದು ಸೊಂಟ ಮುರಿದುಕೊಂಡಳು. ಮೂಳೆ ಕೂಡಿತು, ಆದರೆ ಇಳಿಜಾರಿನಲ್ಲಿ ನಿಂತು ಕಾಫಿ ಪಿಕ್ಕಿಂಗ್ ಮಾಡುವ ಶಕ್ತಿ ಮತ್ತೆ ಬರಲಿಲ್ಲ. ಕೂತು ಮಾಡುವ ಕೆಲಸ ಯಾವುದಿದೆ ಅಂತ ಕೇಳಿಕೊಂಡು ಮೇಷ್ಟ್ರ ಹತ್ತಿರ ಬಂದಾಗ ಅಲ್ಲಿ ಟೈಪ್‌ರೈಟರುಗಳೇ ಇರಲಿಲ್ಲ. ಮೇಷ್ಟ್ರು ಒಂದು ಕೀಬೋರ್ಡಿನ ಮೇಲೆ ಟವಲು ಹೊದಿಸಿ, ಅಕ್ಷರ ನೋಡದೆ ಹೊಡೆಯುವುದನ್ನು ಎಂಟು ತಿಂಗಳು ಕಲಿಸಿದರು. ಈಗ ಅವಳು ಮೈಸೂರಿನ ಒಂದು ಮುದ್ರಣಾಲಯಕ್ಕೆ ಮನೆಯಿಂದಲೇ ಟೈಪು ಮಾಡಿಕೊಡುತ್ತಾಳೆ. ಅವರು ಹಳೆಯ ಪುಸ್ತಕಗಳ ಪುಟಗಳ ಫೋಟೋ ಕಳಿಸುತ್ತಾರೆ, ಇವಳು ಹೊಡೆದು ವಾಪಸು ಕಳಿಸಬೇಕು. ಅವರ ಸಾಫ್ಟ್‌ವೇರ್ ಹಳೆಯ ಸಿಸ್ಟಮ್ಮಿನಲ್ಲಿ ತೆರೆಯುವುದಿಲ್ಲವಾದ್ದರಿಂದ ಅವಳ ಹಳೆಯ ಲ್ಯಾಪ್‌ಟಾಪಿಗೆ ಹೊಸದನ್ನು ಹಾಕಿಕೊಟ್ಟವರೂ ಮೇಷ್ಟ್ರೇ. ಮುದ್ರಣಾಲಯದ ನಿಯಮ ಒಂದೇ: ಹೇಳಿದ ದಿನ ಮಧ್ಯಾಹ್ನ ಹನ್ನೆರಡರೊಳಗೆ ಪುಟಗಳು ಬರಬೇಕು. ಮೂರು ಸಲ ತಡವಾದರೆ ಕೆಲಸ ಬೇರೆಯವರಿಗೆ.

ಬೇಸಿಗೆಯಿಡೀ ಎಲ್ಲ ಸರಿಯಾಗಿತ್ತು. ಪುನರ್ವಸು ಮಳೆ ಹಿಡಿದ ವಾರ, ಒಂದು ಬೆಳಿಗ್ಗೆ ಲ್ಯಾಪ್‌ಟಾಪ್ ಏಳಲಿಲ್ಲ. ಕಪ್ಪು ಪರದೆ, ಮೇಲೆ ಒಂದೇ ಸಾಲು: ಬೂಟ್ ಡಿವೈಸ್ ಸಿಗಲಿಲ್ಲ. ಚಿನ್ನಿ ಅದನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಕೊಂಡು ಬಸ್ ಹತ್ತಿ ಬಂದಳು.

ಮೇಷ್ಟ್ರು ನೋಡಿದ ತಕ್ಷಣ ಹಿಡಿದರು. ಕೈಬಿಟ್ಟ ಯಂತ್ರಕ್ಕೆ ಹೊಸ ಸಿಸ್ಟಮ್ ಹಾಕುವಾಗ ಅದರ ಬುಡದ ಸೆಟ್ಟಿಂಗಿನಲ್ಲಿ ನಾಲ್ಕು ಕಡೆ ಬದಲಾಯಿಸಿರುತ್ತಾರೆ. ಆ ನಾಲ್ಕೂ ಈಗ ಮೊದಲಿನಂತಾಗಿದ್ದವು. ಯಂತ್ರ ತಾನು ಫ್ಯಾಕ್ಟರಿಯಿಂದ ಬಂದ ದಿನಕ್ಕೆ ಮರಳಿ ಹೋಗಿ, ಒಳಗಿರುವ ಹೊಸ ಸಿಸ್ಟಮ್ಮಿನ ಗುರುತೇ ಸಿಗದೆ ನಿಂತಿತ್ತು. ಅದರ ತಾರೀಖು ಕೂಡ 2013ರ ಜನವರಿ ಒಂದು ಅಂತ ತೋರಿಸುತ್ತಿತ್ತು.

ಇಲ್ಲಿ ಒಂದು ಮಾತು ಹೇಳಲೇಬೇಕು. ಸೆಟ್ಟಿಂಗು, ತಾರೀಖು ಎರಡೂ ಒಟ್ಟಿಗೆ ಮರೆತುಹೋದರೆ, ಅವನ್ನು ನೆನಪಿಟ್ಟುಕೊಳ್ಳುವ ಬೋರ್ಡಿನ ಮೇಲಿನ ಗುಂಡಿ ಸೆಲ್ ಸತ್ತಿದೆ ಅಂತ ಮೂರು ತಿಂಗಳು ಕಲಿತವನೂ ಹೇಳುತ್ತಾನೆ. ಮೇಷ್ಟ್ರಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಆ ಸೆಲ್ಲನ್ನು ಮೇ ತಿಂಗಳಲ್ಲಿ ಅವರೇ ತಮ್ಮ ಕೈಯಾರೆ ಹೊಸದು ಹಾಕಿದ್ದರು. ತಾವು ಹಾಕಿದ ಸೆಲ್ ಸಾಯುವುದುಂಟೆ? ತಾರೀಖನ್ನು ಕಂಡೂ ಕಾಣದವರಂತೆ ತಿದ್ದಿ, ನಾಲ್ಕು ಸೆಟ್ಟಿಂಗು ಸರಿಮಾಡಿ, ಎರಡು ದಿನ ಅಂಗಡಿಯಲ್ಲೇ ಇಟ್ಟುಕೊಂಡು ನೋಡಿದರು. ಹತ್ತು ಸಲ ಆರಿಸಿ ಹಚ್ಚಿದರೂ ಯಂತ್ರ ಒಂದು ಸಲವೂ ಮುನಿಸಿಕೊಳ್ಳಲಿಲ್ಲ. ಆ ಎರಡು ದಿನದಲ್ಲಿ ಚಿನ್ನಿ ಮೈಸೂರಿಗೆ ಕಳಿಸಬೇಕಿದ್ದ ಪುಟಗಳ ಒಂದು ಕಂತು ತಡವಾಯಿತು.

ಮನೆಗೆ ಒಯ್ದ ಮರುದಿನ ಬೆಳಿಗ್ಗೆಯೇ ಮತ್ತೆ ಅದೇ ಕಪ್ಪು ಪರದೆ. ಮತ್ತೆ ಬಸ್ಸು, ಮತ್ತೆ ಮೆಟ್ಟಿಲು. ಈ ಸಲ ಮೇಷ್ಟ್ರ ಮುಖ ಗಂಟು ಹಾಕಿಕೊಂಡಿತ್ತು.

"ಇಲ್ಲಿ ಎರಡು ದಿನ ಕುದುರೆ ಹಾಗೆ ಓಡಿದೆ. ನಿಮ್ಮನೇಲಿ ಮಾತ್ರ ಮಲಗ್ತದೆ ಅಂದ್ರೆ ಏನರ್ಥ? ನೀನೇ ಏನೋ ಒತ್ತಿದ್ದೀಯ."

"ಇಲ್ಲ ಸಾರ್. ನಾನು ಅದರ ತಂಟೆಗೇ ಹೋಗಿಲ್ಲ."

"ಸೆಟ್ಟಿಂಗು ತಾನಾಗೇ ಬದಲಾಗ್ತದಾ? ಸೆಲ್ ಹೊಸದು, ನಾನೇ ಹಾಕಿದ್ದು. ಉಳಿದದ್ದು ನಿನ್ನ ಕೈ ಒಂದೇ."

ಅಂಗಡಿಯಲ್ಲಿ ಇನ್ನೂ ಇಬ್ಬರು ಗಿರಾಕಿಗಳಿದ್ದರು. ಚಿನ್ನಿ ಆ ಇಬ್ಬರ ಮುಖ ನೋಡಿ, ನೆಲ ನೋಡಿ, "ಆಯ್ತು ಸಾರ್" ಅಂದಳು. ಅವಳು ವಾದ ಮಾಡಿದ್ದರೆ ಮೇಷ್ಟ್ರಿಗೆ ಸಮಾಧಾನವಾಗುತ್ತಿತ್ತೇನೋ. ಮೂರು ದಿನ ಯಂತ್ರ ಇಟ್ಟುಕೊಂಡು ನೋಡಿದರು, ಏನೂ ಆಗಲಿಲ್ಲ. ಕೊನೆಗೆ ಆ ಸೆಟ್ಟಿಂಗಿನ ಬಾಗಿಲಿಗೇ ತಮಗೆ ಮಾತ್ರ ಗೊತ್ತಿರುವ ಪಾಸ್‌ವರ್ಡ್ ಹಾಕಿ ಬೀಗ ಜಡಿದು ಕೊಟ್ಟು ಕಳಿಸಿದರು. ಎರಡನೆಯ ಕಂತೂ ತಡವಾಯಿತು. ಮೈಸೂರಿನಿಂದ ಮೆಸೇಜ್ ಬಂತು, ಇನ್ನೊಂದು ಸಲ ಹೀಗಾದರೆ ಕಷ್ಟ ಅಂತ.

ಯಂತ್ರ ಮನೆಗೆ ಹೋದ ಮರುದಿನವೇ ಮೂರನೆಯ ಕಂತು; ಅವತ್ತು ಬೆಳಿಗ್ಗೆ ಎಂಟೂಮುಕ್ಕಾಲಿಗೆ ಫೋನು ಬಂತು. ಚಿನ್ನಿಯ ದನಿ ಸಣ್ಣಗಿತ್ತು.

"ಸಾರ್, ಮತ್ತೆ ಹಂಗೇ ಆಗೈತೆ. ಪುಟ ಎಲ್ಲ ನಿನ್ನೆ ಸಂಜೆಗೇ ಮುಗ್ಸಿ ಇಟ್ಟಿದ್ದೆ. ಕಳ್ಸೋದು ಒಂದೇ ಬಾಕಿ."

"ಸೆಟ್ಟಿಂಗಿಗೆ ಹೋಗು. ಪಾಸ್‌ವರ್ಡ್ ಕೇಳ್ತದೆ, ಹೇಳ್ತೀನಿ."

"ಏನೂ ಕೇಳ್ಲಿಲ್ಲ ಸಾರ್. ಸೀದಾ ಒಳಗೆ ಹೋಯ್ತು."

ಮೇಷ್ಟ್ರು ಕುರ್ಚಿಯಿಂದ ಎದ್ದರು. ತಾವು ಹಾಕಿದ ಬೀಗವೇ ಇಲ್ಲ. ಬೀಗ ತೆಗೆಯುವುದು ಚಿನ್ನಿಗೆ ಗೊತ್ತಿಲ್ಲ, ಗೊತ್ತಾಗುವಂತೆಯೂ ಇಲ್ಲ. ಹಾಗಾದರೆ ಯಂತ್ರ ತಾನೇ ಎಲ್ಲವನ್ನೂ ಮರೆತಿದೆ. ಇಬ್ಬರು ಗಿರಾಕಿಗಳ ಎದುರು ತಾವು ಆಡಿದ ಮಾತು ನೆನಪಾಗಿ ಅವರ ಕಿವಿ ಬಿಸಿಯಾಯಿತು. ಸೆಟ್ಟಿಂಗುಗಳನ್ನು ಒಂದೊಂದಾಗಿ ಹೇಳಿಕೊಡಲು ಹೊರಟರು. ಎರಡನೆಯದಕ್ಕೆ ಬರುವಷ್ಟರಲ್ಲಿ ಸಿಗ್ನಲ್ ಹೋಯಿತು. ಮೇಷ್ಟ್ರು ಉಪಕರಣಗಳ ಚೀಲ ಎತ್ತಿಕೊಂಡು, ರೇನ್‌ಕೋಟು ಹಾಕಿಕೊಂಡು, ಅಂಗಡಿಗೆ ಬಾಗಿಲೆಳೆದು ಬೈಕು ಹತ್ತಿದರು.

ಮಳೆಗೆ ಕೆಸರಾದ ದಾರಿ ದಾಟಿ ಲೈನಿನ ಮುಂದೆ ಬೈಕು ನಿಂತಾಗ ಹತ್ತು ಗಂಟೆ. ಚಿಕ್ಕಿ ಬಾಗಿಲಲ್ಲೇ ನಿಂತಿದ್ದಳು, ದಾರಿ ಬಿಟ್ಟು ಅಡುಗೆಮನೆಗೆ ಸರಿದಳು. ಮೇಷ್ಟ್ರು ಮಂಚದ ಮೇಲೆ ಕೂತು ನಾಲ್ಕು ಸೆಟ್ಟಿಂಗು ತಿದ್ದಿದರು. ಸಿಸ್ಟಮ್ ಎದ್ದಿತು. ಚಿನ್ನಿ ಫೋನನ್ನು ಕಿಟಕಿಗೆ ಆನಿಸಿಟ್ಟು ನೆಟ್ ಹಿಡಿದು ಪುಟಗಳನ್ನು ಕಳಿಸಿದಳು. ಹತ್ತೂ ನಲವತ್ತಕ್ಕೆ ಅವೆಲ್ಲ ಮೈಸೂರು ಸೇರಿದವು.

"ಇವತ್ತಿಗೆ ಆಯ್ತು ಸಾರ್" ಅಂದಳು ಚಿನ್ನಿ. "ನಾಳೆ ಬೆಳಿಗ್ಗೆ ಏನ್ಮಾಡ್ಲಿ? ಶನಿವಾರ ಇನ್ನೊಂದು ಕಂತು ಐತೆ. ದಿನಾ ನೀವು ಬರಕ್ಕಾಗ್ತದಾ?"

ಅದೇ ಪ್ರಶ್ನೆ. ಇನ್ನೊಂದು ಸಲ ತಡವಾದರೆ ಅವಳ ಕೆಲಸ ಹೋಯಿತು, ಮಳೆಗಾಲ ಇನ್ನೂ ಎರಡು ತಿಂಗಳಿದೆ. ಮೇಷ್ಟ್ರು ಯಂತ್ರವನ್ನು ಆರಿಸಿ, ಪ್ಲಗ್ಗು ಕಿತ್ತು, ಬೋರಲು ಹಾಕಿದರು. ಹಿಂದಿನ ಚಿಲಕ ಸರಿಸಿ ದೊಡ್ಡ ಬ್ಯಾಟರಿ ತೆಗೆದಾಗ ಅದರ ಗೂಡಿನಿಂದ ಎರಡು ಅಕ್ಕಿಕಾಳು ಮಂಚದ ಮೇಲೆ ಬಿದ್ದವು.

ಮೇಷ್ಟ್ರು ಒಂದು ಕಾಳನ್ನು ಬೆರಳಿನಲ್ಲಿ ಎತ್ತಿ ನೋಡಿದರು. "ಇದೆಲ್ಲಿಂದ ಬಂತು?"

ಚಿನ್ನಿಗೂ ಗೊತ್ತಿರಲಿಲ್ಲ. ಅಡುಗೆಮನೆಯಿಂದ ಚಿಕ್ಕಿಯ ದನಿ ಬಂತು. "ಅದು ನಾನು ಸಾರ್. ಮಳೆ ಹಿಡಿದ್ಮೇಲೆ ದಿನಾ ರಾತ್ರಿ ಅದರ ಆ ದೊಡ್ಡ ಸೆಲ್ ತೆಗ್ದು ಅಕ್ಕಿ ಡಬ್ಬದಾಗೆ ಇಡ್ತೀನಿ. ಟಾರ್ಚಿನ ಸೆಲ್ಲೂ ಹಂಗೇ ಇಡೋದು, ಇಲ್ದಿದ್ರೆ ಶೀತ ಎಳ್ದು ನೀರು ಬಿಡ್ತದೆ. ಇವಳು ಏಳೋದ್ರೊಳಗೆ ಮತ್ತೆ ಹಾಕಿಟ್ಟಿರ್ತೀನಿ."

ಕೊಡಗಿನ ಮಳೆಗಾಲದಲ್ಲಿ ಟಾರ್ಚಿನ ಸೆಲ್ ತೆಗೆದಿಡದ ಮನೆ ಯಾವುದಿದೆ? ಮೇಷ್ಟ್ರ ಹೆಂಡತಿಯೂ ಅದನ್ನೇ ಮಾಡುತ್ತಾರೆ. ಅಂಗಡಿಯಲ್ಲಿ ಐದು ದಿನ ಯಂತ್ರ ಏಕೆ ಮುನಿಯಲಿಲ್ಲ ಅನ್ನುವುದು ಈಗ ಮೇಷ್ಟ್ರಿಗೆ ನಿಚ್ಚಳವಾಯಿತು. ಅಲ್ಲಿ ದೊಡ್ಡ ಬ್ಯಾಟರಿಯನ್ನು ಯಾರೂ ತೆಗೆದಿರಲಿಲ್ಲ, ಸೆಟ್ಟಿಂಗಿನ ನೆನಪನ್ನೂ ಅದೇ ಕಾಯುತ್ತಿತ್ತು. ಆದರೆ ಅದನ್ನು ತೆಗೆದರೂ ನೆನಪು ಕಾಯಲಿ ಅಂತಲೇ ಅಲ್ಲವೆ ಒಳಗೆ ಗುಂಡಿ ಸೆಲ್ ಇಟ್ಟಿರುವುದು?

ಅವರು ಸ್ಕ್ರೂ ಬಿಚ್ಚಿ, ತಾವು ಮೇ ತಿಂಗಳಲ್ಲಿ ಹಾಕಿದ ಸೆಲ್ಲನ್ನು ಹೊರತೆಗೆದು ಮೀಟರಿಗೆ ಹಿಡಿದರು. ಮೂರು ವೋಲ್ಟ್ ಇರಬೇಕಾದ ಕಡೆ ಅರ್ಧ ವೋಲ್ಟೂ ಇರಲಿಲ್ಲ. ಚೀಲದಲ್ಲಿ ಅದೇ ಕಟ್ಟಿನ ಇನ್ನೂ ನಾಲ್ಕು 'ಹೊಸ' ಸೆಲ್ಲುಗಳಿದ್ದವು. ಒಂದೊಂದನ್ನೂ ಅಳೆದರು. ನಾಲ್ಕೂ ಸತ್ತಿದ್ದವು. ಎರಡು ಮಳೆಗಾಲ ಅವರ ಅಂಗಡಿಯ ಕಿಟಕಿ ಪಕ್ಕದ ಹಲಗೆಯ ಮೇಲೆ, ಹರಿದ ಕವರಿನಲ್ಲಿ ಬಿದ್ದಿದ್ದ ಸೆಲ್ಲುಗಳು ಅವು. ಮೀಟರು ಯಾವಾಗಲೂ ಕೈಯಳತೆಯಲ್ಲೇ ಇರುತ್ತದೆ. ಹಾಕುವ ಮೊದಲು ಒಂದು ಸಲ ಹಿಡಿದು ನೋಡಲು ಅರೆ ನಿಮಿಷ ಸಾಕಿತ್ತು.

ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಬೋಜಪ್ಪನವರ ಮನೆ ಲೈನಿನ ಮೇಲ್ಗಡೆಗೇ ಇದೆ. ಅವರ ಕಾರಿನ ಕೀಯೊಳಗೆ ಇದೇ ಅಳತೆಯ ಸೆಲ್ ಇರುತ್ತದೆ. ಮೇಷ್ಟ್ರು ಮಳೆಯಲ್ಲೇ ಹತ್ತಿಹೋಗಿ ಕೇಳಿದರು. ಬೋಜಪ್ಪ ನಕ್ಕು, "ಕೀ ತಿರುವಿ ಬಾಗಿಲು ತೆಗೆಯೋಕೆ ನನಗೇನೂ ಕೈ ನೋಯೋದಿಲ್ಲ, ತಗೊಂಡು ಹೋಗಿ" ಅಂದರು. ಈ ಸಲ ಮೇಷ್ಟ್ರು ಅಲ್ಲೇ ನಿಂತು ಮೀಟರು ಹಿಡಿದರು. ಮೂರು ವೋಲ್ಟ್ ದಾಟಿ ತೋರಿಸಿತು.

ಸೆಲ್ ಕೂರಿಸಿ, ಸೆಟ್ಟಿಂಗು ಮಾಡಿ, ಪಾಸ್‌ವರ್ಡಿನ ಬೀಗ ಮತ್ತೆ ಜಡಿದು, ಯಂತ್ರ ಎಬ್ಬಿಸಿ ಆರಿಸಿದ ಮೇಲೆ ಮೇಷ್ಟ್ರು ಚಿಕ್ಕಿಯನ್ನು ಕರೆದರು. "ನೀವು ದಿನಾ ಹೆಂಗೆ ತೆಗೀತೀರೋ ಹಂಗೇ ತೆಗೆದಿಡಿ."

ಚಿಕ್ಕಿ ಮಗಳ ಮುಖ ನೋಡಿದಳು. ಆಮೇಲೆ ಕೈ ಒರೆಸಿಕೊಂಡು ಬಂದು, ಪ್ಲಗ್ಗು ಕಿತ್ತು, ಚಿಲಕ ಸರಿಸಿ, ಬ್ಯಾಟರಿ ತೆಗೆದು, ಸೆರಗಿನಿಂದ ಒರೆಸಿ, ಅಕ್ಕಿ ಡಬ್ಬದಲ್ಲಿ ಹೂತಿಟ್ಟಳು. ಎಲ್ಲರೂ ಒಂದು ಗಂಟೆ ಕಾದರು. ಚಿನ್ನಿ ಎರಡು ಸಲ ಗಡಿಯಾರ ನೋಡಿದಳು. ಚಿಕ್ಕಿ ಬ್ಯಾಟರಿಯನ್ನು ಮತ್ತೆ ಹಾಕಿದಳು, ಚಿನ್ನಿ ಗುಂಡಿ ಒತ್ತಿದಳು. ಪಾಸ್‌ವರ್ಡ್ ಹಾಕಿದ ಬೀಗ ಹಾಗೇ ಇತ್ತು, ತಾರೀಖು ಇವತ್ತಿನದೇ ಇತ್ತು, ಸಿಸ್ಟಮ್ ಎದ್ದಿತು.

ಮೇಷ್ಟ್ರು ಹೊರಡಬಹುದಿತ್ತು. ಹೊರಡಲಿಲ್ಲ. "ಮೈಸೂರಿನವರ ನಂಬರು ಹಚ್ಚಿ ಕೊಡು" ಅಂದರು. ಅಲ್ಲಿ ಕೆಲಸ ಹಂಚುವ ನಾಗಾರ್ಜುನ ಅನ್ನುವವರು ಫೋನೆತ್ತಿದರು.

"ಚಿನ್ನಿಯವರದು ಎರಡು ಕಂತು ತಡ ಆಯ್ತಲ್ಲ ಸಾರ್, ಅದು ಅವರ ತಪ್ಪಲ್ಲ. ಲ್ಯಾಪ್‌ಟಾಪ್ ರಿಪೇರಿ ಮಾಡಿದವನು ನಾನು. ಸತ್ತ ಸೆಲ್ ಹಾಕಿ ಕೊಟ್ಟಿದ್ದೆ. ಮೇಲೆ ಅವರನ್ನೇ ಬೈದೆ."

"ನೀವು ಅವರಿಗೆ ಏನಾಗಬೇಕು?"

"ಟೈಪಿಂಗ್ ಕಲಿಸಿದವನು."

"ಅವರ ಪುಟದಲ್ಲಿ ತಪ್ಪು ಹುಡುಕೋಕೆ ನಮ್ಮ ಪ್ರೂಫ್‌ರೀಡರಿಗೆ ಕೆಲಸವೇ ಇರೋದಿಲ್ಲ ಸಾರ್. ತಡದ ಲೆಕ್ಕದಿಂದ ಎರಡನ್ನೂ ತೆಗೆಯೋಕೆ ನನ್ನ ಕೈಲಿ ಆಗಲ್ಲ. ಒಂದನ್ನ ತೆಗೀತೀನಿ."

ಫೋನು ವಾಪಸು ಕೊಟ್ಟು ಮೇಷ್ಟ್ರು, "ತಪ್ಪು ನಂದು ಚಿನ್ನಿ. ನಿನ್ನ ಕೈ ಅಂದೆನಲ್ಲ, ಆ ಮಾತು ಆಡಬಾರದಾಗಿತ್ತು" ಅಂದರು. ಇಷ್ಟು ವರ್ಷದಲ್ಲಿ ಯಾವ ಶಿಷ್ಯರಿಗೂ ಹೇಳದಿದ್ದ ಮಾತು ಅದು. ಹೇಳಿದ ಮೇಲೆ ಎಲ್ಲಿ ನೋಡಬೇಕೋ ತಿಳಿಯದೆ ರೇನ್‌ಕೋಟು ಹುಡುಕತೊಡಗಿದರು.

ಚಿನ್ನಿ ಅದನ್ನು ಎತ್ತಿ ಅವರ ಕೈಗೆ ಕೊಟ್ಟಳು. ಅಷ್ಟರಲ್ಲಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಚಿಕ್ಕಿ ಗೋಡೆಗೆ ಒರಗಿ ಅಲ್ಲೇ ಕೂತಳು.

"ಹಂಗಾದ್ರೆ ನಂದಲ್ಲ ಅಲ್ವಾ ಸಾರ್? ನಾನು ಸರಿಯಾಗಿ ಒಣಗಿಸ್ತಿಲ್ಲವೇನೋ, ಶೀತ ಅದಕ್ಕೇ ಒಳಗೆ ಹೋಗ್ತಿದೆಯೇನೋ ಅಂತ ಇದ್ದೆ. ಮಗಳ ಅನ್ನ ನಾನೇ ಕಳೀತಿದ್ದೀನಿ ಅಂತ ಮೂರು ದಿನದಿಂದ ಗಂಟಲಲ್ಲಿ ತುತ್ತು ಇಳೀಲಿಲ್ಲ. ಕೇಳಕ್ಕೂ ಹೆದ್ರಿಕೆ. ನಿನ್ನೆ ಒಲೆ ಪಕ್ಕದಲ್ಲಿ ಬೇರೆ ಬೆಚ್ಚಗೆ ಮಾಡಿ ಇಟ್ಟಿದ್ದೆ."

ಆ ಐದು ಸತ್ತ ಸೆಲ್ಲುಗಳು ಮಂಚದ ಮೇಲೆ ಇನ್ನೂ ಬಿದ್ದಿದ್ದವು. ಮೇಷ್ಟ್ರು ಅವನ್ನು ಎತ್ತಿ ಚಿಕ್ಕಿಯ ಮುಂದೆ ಹಿಡಿದರು. "ನೀವು ಒಣಗಿಸಿದ್ದು ಸರಿಯಾಗೇ ಇದೆ. ಒಣಗಿಸದೇ ಇದ್ದವನು ನಾನು. ನಿಮ್ಮ ಹಾಗೆ ಅಕ್ಕಿ ಡಬ್ಬದಲ್ಲಿ ಇಟ್ಟಿದ್ದರೆ ಇವೂ ಬದುಕಿರ್ತಿದ್ದವು. ಏಳಿ, ಊಟ ಮಾಡಿ."

ಚಿಕ್ಕಿ ಎದ್ದು ಮೂರು ತಟ್ಟೆ ತಂದಳು. ಮೇಷ್ಟ್ರು ರೇನ್‌ಕೋಟನ್ನು ಮೊಳೆಗೆ ಸಿಕ್ಕಿಸಿ ಚಾಪೆಯ ಮೇಲೆ ಕೂತರು.