ಹತ್ತು ದಿನ ಹೊರಗಿದ್ದ ಬಾಟಲಿ

ಮೊನ್ನೆ ಬಿಬವೇವಾಡಿಯ ದವಾಖಾನೆಯಲ್ಲಿ ಸೂಜಿ ಚುಚ್ಚುವ ಮೊದಲು ನರ್ಸ್ ನನ್ನ ತೋಳಿಗೆ ಸ್ಪಿರಿಟ್ ಹಚ್ಚಿದಳು. ಆ ವಾಸನೆಗೆ ಲ್ಯಾಬಿನ ಮೇಡಂ ನೆನಪಾದರು; ಅವರ ಕೈಗೆ ಸದಾ ಅದೇ ವಾಸನೆ.

ನಾನು ಲ್ಯಾಬಿನಲ್ಲಿ ಗಾಜಿನ ಸಾಮಾನು ತೊಳೆಯುತ್ತಿದ್ದೆ. ಅವರು ಅಲ್ಲಿ ಪಿಎಚ್.ಡಿ. ಮಾಡುತ್ತಿದ್ದರು, ಉಡುಪಿ ಕಡೆಯವರು. ದಿನವಿಡೀ ಮರಾಠಿ, ಇಂಗ್ಲಿಷ್ ಆಡಿ ಬೇಸತ್ತು ಸಂಜೆ ನನ್ನ ಸಿಂಕಿನ ಹತ್ತಿರ ಬಂದು ಕನ್ನಡ ಹರಟುತ್ತಿದ್ದರು. ನನ್ನ ಕನ್ನಡ ಕೇಳಿ ಅವರಿಗೆ ನಗು, ಅವರದು ಕೇಳಿ ನನಗೆ. ನನ್ನನ್ನು ಮಾತ್ರ ಮರಾಠಿಯಲ್ಲಿ ಮಾವಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು.

ತಟ್ಟೆಯಲ್ಲಿ ಕರುಳಿನ ಕೋಶ ಬೆಳೆಸಿ ಅದಕ್ಕೆ ಜೋರು ಜ್ವರದಷ್ಟು ಕಾವು ಕೊಡುವುದು ಅವರ ಕೆಲಸ.

"ಪಾಪ, ಅವಕ್ಯಾಕ್ರಿ ಈ ಶಿಕ್ಷಾ?" ಎಂದು ಕೇಳಿದ್ದೆ.

"ಗ್ಲುಟಮಿನ್ ಅಂತ ಒಂದು ಉಂಟು, ಮಾವಶಿ, ಕೋಶಕ್ಕೆ ಊಟದ ಹಾಗೆ. ಅದು ಸಿಕ್ಕಿದ ಕೋಶ ಬಿಸಿ ತಾಗಿದಾಗ ತನ್ನನ್ನು ಕಾಯುವ ಪ್ರೋಟೀನ್ ಜಾಸ್ತಿ ಮಾಡ್ತದೆ, ಬದುಕ್ತದೆ. ಸಿಗದ್ದು ಸಾಯ್ತದೆ."

"ಉಂಡವರು ಬಿಸಲು ತಡೀತಾರ. ಇದಕ್ಕ ಐದು ವರ್ಷ ಓದಬೇಕೇನ್ರಿ?"

ಅವರು ಬಿದ್ದು ಬಿದ್ದು ನಕ್ಕಿದ್ದರು.

ಒಂದು ಸಲ ಗಣಪತಿ ರಜೆಯ ಮುನ್ನಾದಿನ ಫ್ರಿಜ್ ಒರೆಸಲೆಂದು ಬಾಟಲಿಗಳನ್ನೆಲ್ಲ ಹೊರಗಿಟ್ಟೆ. ತಿರುಗಿ ಇಡುವಾಗ ಗ್ಲುಟಮಿನ್ ಬಾಟಲಿ, ಕೋಶಗಳನ್ನು ಬೆಚ್ಚಗಿಡುವ ಪೆಟ್ಟಿಗೆಯ ಮೇಲೆಯೇ ಉಳಿಯಿತು. ಹತ್ತು ದಿನ ಬಿಟ್ಟು ಬಂದು ನೋಡಿದೆ. ನೀರು ತಿಳಿಯಾಗಿಯೇ ಇತ್ತು, ವಾಸನೆಯೂ ಇರಲಿಲ್ಲ. ಸುಮ್ಮನೆ ಒಳಗಿಟ್ಟೆ.

ಆಮೇಲೆ ಗ್ಲುಟಮಿನ್ ಹಾಕಿದ ಕೋಶಗಳೂ ಸಾಯತೊಡಗಿದವು. ಮತ್ತೆ ಮಾಡಿದರೂ ಅದೇ. ಇನ್ನೊಮ್ಮೆ ಹೀಗಾದರೆ ಆ ವಿಷಯವನ್ನೇ ಕೈಬಿಡಬೇಕೆಂದು ಲ್ಯಾಬಿನ ದೊಡ್ಡ ಸಾಹೇಬರು ಹೇಳಿದರು. ಮೇಡಂ ಸಿಂಕಿನ ಹತ್ತಿರ ಬರುವುದನ್ನು ಬಿಟ್ಟರು. ಮೂರು ವಾರ… ನಾನು ಬಾಯಿ ಬಿಡಲಿಲ್ಲ.

ಕೊನೆಗೆ ನಾನೇ ಹೋದೆ. "ಆ ಬಾಟಲಿ ಹತ್ತು ದಿನ ಹೊರಗಿತ್ರಿ. ನಾನ ಮರತಿದ್ದೆ."

"ಇದನ್ನು ಈಗ ಹೇಳ್ತೀರಾ, ಮಾವಶಿ?"

"ಕೆಲಸ ಹೋಗತದಂತ ಅಂಜಿದ್ದೆ ರೀ."

ಅವರು ಎದ್ದು ಫ್ರಿಜ್ಜಿನಿಂದ ಅದನ್ನು ತಂದರು. ಆಮೇಲೆ ಬಾಟಲಿಯಲ್ಲಿದ್ದುದನ್ನು ಸಿಂಕಿಗೆ ಸುರಿದು, "ಅಯ್ಯೋ ದೇವರೇ, ನನ್ನ ತಲೆ ಕೆಟ್ಟಿಲ್ಲ, ಇದು ಕೆಟ್ಟದ್ದು!" ಎಂದು ನಕ್ಕರು.

ಹೊಸದು ಕಲಸಿದರು. ಕೋಶಗಳು ಬದುಕಿದವು. ಸಾಹೇಬರಿಗಿಂತ ಮೊದಲು ನನ್ನನ್ನು ಕರೆದು ಸೂಕ್ಷ್ಮದರ್ಶಕದಲ್ಲಿ ತೋರಿಸಿದರು. ನನಗೇನೂ ತಿಳಿಯಲಿಲ್ಲ, ಚಂದ ಅದಾವ ಎಂದೆ. ಸಾಹೇಬರಿಗೆ, ಬಾಟಲಿ ಹಳೆಯದಾಗಿತ್ತು ಎಂದಷ್ಟೇ ಹೇಳಿದರು. ನನ್ನ ಹೆಸರು ಎತ್ತಲಿಲ್ಲ.

ಹೋದ ವರ್ಷ ಮೇಡಂ ತೀರಿಕೊಂಡರು. ನನಗಿಂತ ಎಷ್ಟೋ ಚಿಕ್ಕವರು. ಬಾಟಲಿ ಮರೆತಿದ್ದನ್ನು ಅವರಿಗೆ ಹೇಳಿದ್ದೆ. ಆ ಮೂರು ವಾರ ಅವರು ಸೊರಗುವುದನ್ನು ನೋಡಿಯೂ ಸುಮ್ಮನಿದ್ದೆನಲ್ಲ, ಅದಕ್ಕೆ ತಪ್ಪಾಯಿತು ಎಂದು ಮಾತ್ರ ಒಮ್ಮೆಯೂ ಹೇಳಲಿಲ್ಲ. ಅವರೂ ಕೇಳಲಿಲ್ಲ… ಈಗ ಇಲ್ಲಿ ಬರೆದಿದ್ದೇನೆ. ಓದಲು ಅವರಿಲ್ಲ.