ಉಪಗ್ರಹಕ್ಕಾಗಿ ನಿಲ್ಲಿಸಿದ ಮೋಟಾರು

ಹೆಮ್ಮಿಗೆಯ ನಮ್ಮ ಮನೆ ತಾರಸಿಯ ಮೇಲೆ ಒಂದು ಆಂಟೆನಾ ಇದೆ. ಈಗೀಗ ಅದನ್ನು ನೋಡಿದರೆ ನಾಚಿಕೆಯಾಗುತ್ತದೆ.

ನಾನು ನಂಜನಗೂಡಿನ ಕಾಲೇಜೊಂದರಲ್ಲಿ ಭೌತಶಾಸ್ತ್ರದ ಮೇಷ್ಟ್ರು. ದಿನಾ ಬೆಳಗ್ಗೆ ಪುಟ್ಟ ಉಪಗ್ರಹವೊಂದು ತಲೆಯ ಮೇಲೆ ಹಾದುಹೋಗುವಾಗ ಅದು ಕಳಿಸುವ ರೇಡಿಯೊ ಸದ್ದನ್ನು ಈ ಆಂಟೆನಾದಲ್ಲಿ ಹಿಡಿಯುತ್ತೇನೆ. ಹತ್ತಿರ ಬರುವಾಗ ಸ್ವರ ಏರಿರುತ್ತದೆ, ದೂರ ಹೋಗುವಾಗ ಇಳಿದಿರುತ್ತದೆ. ಅದನ್ನು ಚುಕ್ಕೆಗಳಾಗಿ ಗುರುತಿಸಿ, ಗೆಳೆಯರೆಲ್ಲ ಸೇರಿ ಕಕ್ಷೆಯ ಲೆಕ್ಕ ಹಾಕುತ್ತೇವೆ. ಚುಕ್ಕೆಗಳು ಒಂದು ಬಾಗಿದ ಗೆರೆಯಲ್ಲಿ ಕೂರಬೇಕು. ನನ್ನವು ಮಾತ್ರ ಒಗ್ಗರಣೆಯ ಸಾಸಿವೆಯ ಹಾಗೆ ಸಿಡಿಯುತ್ತಿದ್ದವು. ವಾಟ್ಸಾಪ್ ಗುಂಪಿನಲ್ಲಿ ತಮಾಷೆ ಶುರುವಾಯಿತು. ನನಗೋ ಮೊದಲೇ ಮೂಗಿನ ತುದಿಯಲ್ಲಿ ಕೋಪ.

ಪಕ್ಕದ ಗದ್ದೆಯ ಪಂಪ್‌ಸೆಟ್ ಗುಂಯ್‌ಗುಡುತ್ತಿತ್ತು. ಅದರ ಕರೆಂಟಿನ ಗದ್ದಲ ನನ್ನ ರೇಡಿಯೊಗೆ ನುಗ್ಗುತ್ತಿದೆ, ಕಳ್ಳ ಸಿಕ್ಕಿದ ಅಂದುಕೊಂಡು ಬದುವಿನ ಮೇಲೆ ನಿಂತು ಗದ್ದೆಯವನನ್ನು ಕೂಗಿದೆ.

"ನಿನ್ನ ಮೋಟ್ರಿಂದ ನನ್ನ ಕೆಲ್ಸ ಕೆಡ್ತಾ ಅದೆ ಕಣಪ್ಪ. ಬೆಳಗ್ಗೆ ಹೊತ್ತು ಆಫ್ ಮಾಡ್ಕೊ."

"ಆಯ್ತು ಸಾ," ಎಂದ.

ಪಂಪಿಗೆ ಬೇಕಾದ ತ್ರೀ ಫೇಸ್ ಕರೆಂಟು ಬರುವುದೇ ಪಾಳಿಯಲ್ಲಿ. ಆಗ ಇದ್ದದ್ದು ಬೆಳಗಿನ ಪಾಳಿಯೊಂದೇ. ಕರೆಂಟು ಬಂದೊಡನೆ ಮೋಟಾರು ತಾನೇ ಓಡಲೆಂದು ಹಾಕಿಸಿದ್ದ ಆಟೋ ಸ್ಟಾರ್ಟರನ್ನೂ ಅವನು ಬಂದ್ ಮಾಡಿದ. ವಯಸ್ಸಿನಲ್ಲಿ ನನಗಿಂತ ಹಿರಿಯ. ಅವನಪ್ಪ ನಮ್ಮ ಗದ್ದೆಯಲ್ಲಿ ಕೂಲಿಗಿದ್ದವರು.

ಅದೇ ದಿನ ನಾನು ಕಂಪ್ಯೂಟರಿನಲ್ಲಿ ಇನ್ನೊಂದು ಕೈಚಳಕವನ್ನೂ ಮಾಡಿದ್ದೆ. ಸಿಡಿದ ಚುಕ್ಕೆಗಳನ್ನು ಅಕ್ಕಪಕ್ಕದವುಗಳ ಸರಾಸರಿಗೆ ಎಳೆದು ಗೆರೆಯನ್ನು ನುಣುಪು ಮಾಡುವ ಪ್ರೋಗ್ರಾಮಿದೆ. ಅದನ್ನು ಇನ್ನಷ್ಟು ಬಿಗಿ ಮಾಡಿದೆ. ಗೆರೆ ಬೆಣ್ಣೆಯಂತೆ ಬಂತು. ನೋಡಿದಿರಾ, ಮೋಟಾರೇ ಕಾರಣ ಎಂದು ಗುಂಪಿನಲ್ಲಿ ಬೀಗಿದೆ. ಎರಡು ಸಂಗತಿಗಳನ್ನು ಒಟ್ಟಿಗೆ ಬದಲಾಯಿಸಿದರೆ ಕಾರಣ ಯಾವುದೆಂದು ತಿಳಿಯದು ಅಂತ ಮಕ್ಕಳಿಗೆ ಪಾಠ ಮಾಡುವವನು ನಾನೇ.

ಆದರೆ ಲೆಕ್ಕ ಹೇಳಿದ ಹೊತ್ತಿಗೆ ಉಪಗ್ರಹ ಬರುತ್ತಿರಲಿಲ್ಲ, ಮೊದಲೇ ಹಾದುಹೋಗುತ್ತಿತ್ತು. ಕೊನೆಗೊಂದು ದಿನ ನುಣುಪನ್ನೆಲ್ಲ ತೆಗೆದು ಮೂಲ ಚುಕ್ಕೆಗಳನ್ನೇ ನೋಡಿದೆ. ಮೋಟಾರು ನಿಂತ ಮೇಲೂ ಅವು ಹಾಗೇ ಸಿಡಿದಿದ್ದವು. ಅನುಮಾನ ಬಂದು ಮರುದಿನ ನಮ್ಮ ಮನೆಯ ಯುಪಿಎಸ್ ಬಂದ್ ಮಾಡಿ ಸದ್ದು ಹಿಡಿದೆ. ಚುಕ್ಕೆಗಳು ತೆಪ್ಪಗೆ ಸಾಲಾಗಿ ಕೂತವು. ಥೂ, ನನ್ನ ಜನ್ಮಕ್ಕಿಷ್ಟು.

ಹೇಳಿಬಿಡೋಣವೆಂದು ಆಗಲೇ ಗದ್ದೆಗೆ ಹೋದೆ. ಅವನ ಹೆಂಡತಿ ಊರೊಳಗಿನ ನಲ್ಲಿಯಿಂದ ಕೊಡದಲ್ಲಿ ನೀರು ಹೊತ್ತು ತಂದು ಭತ್ತದ ಸಸಿಗಳಿಗೆ ಚಿಮುಕಿಸುತ್ತಿದ್ದಳು. ಸಸಿಗಳ ತುದಿ ಹಳದಿಗೆ ತಿರುಗಿತ್ತು.

"ಸಸಿ ಒಣಗ್ತಾ ಅದೆ ಅಂತ ಮೊದ್ಲೇ ಹೇಳ್ಬಾರ್ದಾಗಿತ್ತಾ?" ಎಂದು ಇನ್ನೊಂದು ಕೊಡ ಹೊತ್ತು ಹಿಂದೆಯೇ ಬಂದ ಅವನ ಮೇಲೇ ರೇಗಿದೆ. ಆಗಲೂ ನನಗೆ ಬಂದದ್ದು ರೇಗುವುದೊಂದೇ.

"ನೀವು ಏಳಿದ್ಮ್ಯಾಕೆ ಇಲ್ಲ ಅನ್ನಕಾದದಾ, ಸಾ?"

ಭೂಮಿ ಬಾಯ್ಬಿಟ್ಟು ನುಂಗಬಾರದೇ ಅನ್ನಿಸಿತು. ತಪ್ಪು ನಿನ್ನ ಮೋಟಾರಿನದಲ್ಲ, ನಮ್ಮ ಮನೆಯ ಯುಪಿಎಸ್‌ನದು ಎಂದು ತೊದಲಿದೆ. ಅವನು ಸಿಟ್ಟಾಗಿದ್ದರೆ ಚೆನ್ನಾಗಿತ್ತು. ಕರೆಂಟು ಇನ್ನೂ ಇತ್ತು. ಅವನು ಮೋಟಾರಿನ ಗೂಡಿಗೆ ಹೋಗಿ, ಸ್ಟಾರ್ಟರಿನ ಮೇಲೆ ಕೈಯಿಟ್ಟು, ಒತ್ತದೆ ನನ್ನ ಕಡೆ ತಿರುಗಿದ.

"ಅಂಗಾರೆ ಈಗ ಆಕ್ಬೋದಾ, ಸಾ?"