ನೇರಳೆ ಹಾಳೆಯ ಮೊದಲ ಸಾಲು

ಹೋದ ಸೋಮವಾರ ಗೌರಿಬಿದನೂರಿನ ನಮ್ಮ ಶಾಲೆಗೆ ಬೆಂಚು ರಿಪೇರಿಗೆಂದು ಬಂದ ಬಡಗಿ, ಅಂಗಳದಲ್ಲಿ ಮೂರು ಕಲ್ಲಿಟ್ಟು ವಜ್ರದಂಟು ಕರಗಿಸುತ್ತಿದ್ದ. ಮರ ಅಂಟಿಸುವ ಆ ಅಂಟಿನ ವಾಸನೆಗೆ ನನ್ನ ವಿದ್ಯಾರ್ಥಿಗಳೆಲ್ಲ ಮೂಗು ಮುಚ್ಚಿಕೊಂಡರು. ನಾನು ಹತ್ತಿರ ಹೋಗಿ ನಿಂತೆ. ಶಿಡ್ಲಘಟ್ಟದ ಹೈಸ್ಕೂಲಿನಲ್ಲಿ ನಮಗೆ ವಿಜ್ಞಾನ ಕಲಿಸಿದ ಮೇಷ್ಟ್ರ ಕೋಣೆಯಲ್ಲಿ ಇದೇ ವಾಸನೆ ಇರುತ್ತಿತ್ತು…

ಅವರ ಬಳಿ ಇಂಗ್ಲೆಂಡಿನಲ್ಲಿ ಅಚ್ಚಾದ ಒಂದು ಪುಸ್ತಕವಿತ್ತು, ಬೆಂಗಳೂರಿನ ಗೆಳೆಯರಿಂದ ಎರವಲು ತಂದದ್ದು. ಅಂಥದ್ದನ್ನು ಕೊಳ್ಳುವ ಮಾತು ನಮ್ಮ ಯಾರ ಮನೆಯಲ್ಲೂ ಏಳುವಂತಿರಲಿಲ್ಲ. ಮೇಷ್ಟ್ರು ಅದರ ಪಾಠಗಳನ್ನು ಒಂದೊಂದಾಗಿ ಕನ್ನಡಕ್ಕೆ ತಂದು ನೇರಳೆ ಶಾಯಿಯಲ್ಲಿ ಬರೆಯುತ್ತಿದ್ದರು. ವಜ್ರಕ್ಕೆ ಗ್ಲಿಸರಿನ್ ಸೇರಿಸಿ ಕಾಯಿಸಿ, ತಟ್ಟೆಗೆ ಸುರಿದು, ಗಟ್ಟಿಯಾದ ಮೇಲೆ ಬರೆದ ಹಾಳೆಯನ್ನು ಅದರ ಮೇಲೆ ಬೋರಲು ಒತ್ತುತ್ತಿದ್ದರು. ಅಕ್ಷರಗಳು ತಟ್ಟೆಗೆ ಇಳಿಯುತ್ತಿದ್ದವು. ಆಮೇಲೆ ಒತ್ತಿದ ಪ್ರತಿ ಹಾಳೆಯೂ ಹಿಂದಿನದಕ್ಕಿಂತ ಮಂಕಾಗಿ ಬರುತ್ತಿತ್ತು. ತೀರಾ ಮಂಕಾದದ್ದನ್ನು ತಾವೇ ಇಟ್ಟುಕೊಳ್ಳುತ್ತಿದ್ದರು. ಯಾವ ದಿನ ಯಾವ ಪಾಠ ಬಂತು, ನನಗೆ ಎಷ್ಟನೇ ಹಾಳೆ ಸಿಕ್ಕಿತು ಎಂದು ನಾನು ದಿನಚರಿಯಲ್ಲಿ ಗುರುತು ಹಾಕಿಕೊಳ್ಳುತ್ತಿದ್ದೆ.

ಎಲ್ಲ ಪಾಠಗಳಿಗೂ ಮೊದಲ ಸಾಲು ಒಂದೇ: ‘ಪ್ರಕಾಶಕರ ಅನುಮತಿಯಿಲ್ಲದೆ ಇದನ್ನು ನಕಲು ಮಾಡಕೂಡದು.’

“ಸಾರ್, ಮಾಡ್ಬಾರ್ದು ಅಂತ ಬರ್ದು ನಾವೇ ಮಾಡ್ತಿದೀವಲ್ಲ?” ಎಂದು ಕೇಳಿದ್ದೆ.

“ಅದೂ ಪುಸ್ತಕದಲ್ಲಿದೆ ಕಣಪ್ಪ. ನಮಗೆ ಬೇಕಾದ್ದು ಮಾತ್ರ ಹೆಕ್ಕೊಂಡ್ರೆ ಹೆಂಗೆ?” ಎಂದರು. ಮತ್ತೊಂದು ಹಾಳೆ ಒತ್ತುತ್ತಾ, “ನೀವು ಕೊಂಡ್ಕೊಳ್ತಿರ್ಲಿಲ್ಲ, ಪ್ರಕಾಶಕರಿಗೆ ನಷ್ಟ ಏನೂ ಇಲ್ಲ. ಆದ್ರೂ ಪುಸ್ತಕ ಬರೆದೋನೂ ಕೂತು ಬರ್ದಿದಾನಲ್ಲ…” ಎಂದರು.

ಆ ವರ್ಷ ಶಾಲೆಯ ತಪಾಸಣೆಗೆ ಇನ್ಸ್‌ಪೆಕ್ಟರು ಬರುವವರಿದ್ದರು. ಮೇಷ್ಟ್ರದು ಇನ್ನೂ ತಾತ್ಕಾಲಿಕ ಕೆಲಸ. ಇನ್ಸ್‌ಪೆಕ್ಟರು ಒಳ್ಳೆಯ ಮಾತು ಬರೆದರೆ ಕಾಯಂ ಆಗುತ್ತದೆ ಎಂದು ಶಾಲೆಗೆಲ್ಲ ಗೊತ್ತಿತ್ತು. ಬಂದವರು ದಿಬ್ಬೂರಹಳ್ಳಿಯಿಂದ ಬರುತ್ತಿದ್ದ ನಮ್ಮ ತರಗತಿಯ ಹುಡುಗಿಯೊಬ್ಬಳನ್ನು ಎಬ್ಬಿಸಿ, ಮಸೂರದ ಪಾಠ ಹೇಳು ಎಂದರು. ನಾವು ಬಾಯಿಪಾಠ ಮಾಡುತ್ತಿದ್ದವರು; ಮೊದಲ ಸಾಲು ಹಿಡಿಯದೆ ಎರಡನೆಯದು ಬರುತ್ತಿರಲಿಲ್ಲ. ಅವಳು ಕೈಕಟ್ಟಿ, ರಾಗವಾಗಿ, “ಪ್ರಕಾಶಕರ ಅನುಮತಿಯಿಲ್ಲದೆ…” ಎಂದು ಶುರುಮಾಡಿದಳು.

“ಏನಮ್ಮ, ಮಸೂರಕ್ಕೂ ಪ್ರಕಾಶಕರು ಇರ್ತಾರಾ?” ಎಂದು ಇನ್ಸ್‌ಪೆಕ್ಟರು ನಕ್ಕರು. ಅವಳ ಹಾಳೆ ನೋಡಿ ನಗು ನಿಲ್ಲಿಸಿದರು. “ಏನ್ ಮೇಷ್ಟ್ರೇ, ಇದು ನಿಮ್ಮ ಸ್ವಂತ ಟಿಪ್ಪಣಿ ತಾನೇ?”

ಹೌದು ಎಂದಿದ್ದರೆ ಮುಗಿಯುತ್ತಿತ್ತು. ಇನ್ಸ್‌ಪೆಕ್ಟರು ಕೇಳಿದ ರೀತಿಯೂ ಹಾಗೆಯೇ ಇತ್ತು.

“ಅಲ್ಲ ಸಾರ್. ಬರೆದೋರು ಬೇರೆ. ನಾನು ಕನ್ನಡಕ್ಕೆ ತಂದೆ, ಅಷ್ಟೆ.”

ಇನ್ಸ್‌ಪೆಕ್ಟರು ಹೋದ ಮೇಲೆ ಅವಳು ಅತ್ತಳು. “ಬರ್ದಿದ್ದನ್ನೇ ಹೇಳ್ದೆ ಕಣಮ್ಮ, ತಪ್ಪೇನು? ಈಗ ಎರಡನೇ ಸಾಲು ಹೇಳು,” ಎಂದರು ಮೇಷ್ಟ್ರು.

ಅಲ್ಲಿಗೆ ನೇರಳೆ ಹಾಳೆ ನಿಂತಿತು. ಉಳಿದ ಪಾಠಗಳನ್ನು ಅವರು ಬೋರ್ಡಿನ ಮೇಲೆ ಬರೆದರು, ನಾವು ನೋಡಿ ಬರೆದುಕೊಂಡೆವು. “ಕೈಯಲ್ಲಿ ಬರ್ಕೊಂಡ್ರೆ ನಕಲಲ್ವಾ ಸಾರ್?” ಎಂದೆ. ಅವರ ಮುಖ ಅರಳಿತು. “ನಂಗೂ ಗೊತ್ತಿಲ್ಲಪ್ಪ. ತಿಳ್ಕೊಂಡು ಹೇಳ್ತೀನಿ.”

ಜೂನಿನಲ್ಲಿ ಶಾಲೆ ತೆರೆದಾಗ ಅವರ ಜಾಗದಲ್ಲಿ ಬೇರೆಯವರಿದ್ದರು. ಚಿಂತಾಮಣಿಯಲ್ಲಿ ಮನೆಪಾಠ ಹೇಳುತ್ತಿದ್ದಾರೆಂದು ಕೇಳಿದ್ದೆ. ಹೋಗಿ ನೋಡಬೇಕೆಂದುಕೊಂಡಿದ್ದೆ… ಹೋದ ವರ್ಷ ತೀರಿಕೊಂಡರಂತೆ. ನನ್ನ ಪ್ರಶ್ನೆಗೆ ಉತ್ತರ ಬರಲಿಲ್ಲ.

ಬಡಗಿಯ ಹತ್ತಿರ ಒಂದು ತುಂಡು ವಜ್ರ ಕೇಳಿ ತಂದೆ. ನನ್ನ ತರಗತಿಗೂ ಪುಸ್ತಕ ಸಾಲದು. ನಿನ್ನೆ ಮಸೂರದ ಹಳೆಯ ಹಾಳೆ ತೆಗೆದು ನೋಡಿದೆ. ಬಣ್ಣ ಬಹುಪಾಲು ಹಾರಿಹೋಗಿದೆ, ಆದರೆ ಬಾಯಿಗೆ ಬರುತ್ತದೆ. ನೇರಳೆ ಶಾಯಿಯಲ್ಲಿ ಮೊದಲ ಸಾಲಿನಿಂದಲೇ ಬರೆದೆ. ಕೊನೆಯಲ್ಲಿ ‘ಕನ್ನಡಕ್ಕೆ ತಂದವರು’ ಎಂದು ಬರೆದು ಮೇಷ್ಟ್ರ ಹೆಸರು ಹಾಕಿದೆ. ಅವರು ಒಂದು ಹಾಳೆಯಲ್ಲೂ ಅದನ್ನು ಹಾಕಿಕೊಂಡಿರಲಿಲ್ಲ.